ಕರೆಂಟು ಹೋದರೆ ನೀರೂ ಹೋಗುವ ಊರು

14 ಸೆಪ್ಟೆಂಬರ್ 2025, ಭಾನುವಾರ
ಕಾನ್ಸಾಸ್

ಮೊನ್ನೆ ಶುಕ್ರವಾರ ರಾತ್ರಿ ಬೀಸಿದ ಗಾಳಿಗೆ ಎಲ್ಲೋ ಒಂದು ಮರದ ಕೊಂಬೆ ತಂತಿಯ ಮೇಲೆ ಮುರಿದುಬಿದ್ದು ನಮ್ಮ ಭಾಗಕ್ಕೆಲ್ಲ ಕರೆಂಟು ಹೋಯಿತು. ಹತ್ತು ಗಂಟೆಗೆ ಹೋದದ್ದು ಮರಳಿ ಬಂದಾಗ ಶನಿವಾರ ಮಧ್ಯಾಹ್ನ ಮೂರಾಗಿತ್ತು. ಹದಿನೇಳು ಗಂಟೆಗಳ ಈ ಕತ್ತಲನ್ನು ವಿಕೋಪ ಎಂದು ಕರೆದರೆ ಇಲ್ಲಿನ ರೈತರು ನಕ್ಕಾರು. ಆದರೂ ಅಮೆರಿಕದ ಈ ಗ್ರಾಮೀಣ ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಬಂದು ಆರು ವರ್ಷ ಕಳೆದ ಮೇಲೂ ನಮಗೆ ಗೊತ್ತಿರದಿದ್ದ ಒಂದು ಸಂಗತಿಯನ್ನು ಆ ಹದಿನೇಳು ಗಂಟೆ ಕಲಿಸಿದ್ದರಿಂದ ಇಂದು ಬರೆದಿಡುತ್ತಿದ್ದೇನೆ.

ಶನಿವಾರ ಬೆಳಿಗ್ಗೆ ಅಡುಗೆಮನೆಯ ನಲ್ಲಿಯಲ್ಲಿ ಸ್ವಲ್ಪ ಹೊತ್ತು ನೀರು ಬಂತು, ಬರುಬರುತ್ತಾ ದಾರದಷ್ಟು ಸಣ್ಣದಾಗಿ ನಿಂತುಹೋಯಿತು. ಒತ್ತಡದ ಟ್ಯಾಂಕಿನಲ್ಲಿ ಉಳಿದಿದ್ದ ನೀರು ಅಷ್ಟೇ. ಪಟ್ಟಣದ ನಲ್ಲಿ ನೀರು ನಮ್ಮ ಮನೆಯ ತನಕ ಬರುವುದಿಲ್ಲ. ಹಿತ್ತಲಿನ ಕೊಳವೆಬಾವಿಯಿಂದ ಪಂಪು ಎತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಜೊತೆ ಮೂರು ತಿಂಗಳು ಇರಲು ಬಂದಿರುವ ಅತ್ತೆ ಖಾಲಿ ನಲ್ಲಿಯನ್ನು ನೋಡಿ, "ಹಿಂದೆ ಬಾವಿ ಇದೆ ಅಂದಿದ್ದೆಯಲ್ಲಮ್ಮ, ಹಗ್ಗ ರಾಟೆ ಎಲ್ಲಿಟ್ಟಿದ್ದೀಯ?" ಎಂದು ಕೇಳಿದರು. ಅವರನ್ನು ಕರೆದುಕೊಂಡು ಹೋಗಿ ಬಾವಿಯನ್ನು ತೋರಿಸಿದೆ. ಹುಲ್ಲಿನ ನಡುವೆ ಮೊಣಕಾಲೆತ್ತರಕ್ಕೆ ನಿಂತ, ಆರು ಇಂಚು ಅಗಲದ ಒಂದು ಕಬ್ಬಿಣದ ಕೊಳವೆ, ಅದರ ಮೇಲೆ ಬೋಲ್ಟು ಬಿಗಿದ ಮುಚ್ಚಳ. ತೆಂಗಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುವಂತೆ ಅವರು ಅದನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, "ಇದರೊಳಗೆ ಚೊಂಬೂ ಇಳಿಯೋದಿಲ್ಲ" ಎಂದರು.

ಕಳೆದ ತಿಂಗಳಷ್ಟೇ ನಾವು ಅವರಿಗೆ ಗ್ರೀನ್ಸ್‌ಬರ್ಗ್ ತೋರಿಸಿಕೊಂಡು ಬಂದಿದ್ದೆವು. ಕಯೋವಾ ಕೌಂಟಿಯ ಆ ಪುಟ್ಟ ಪಟ್ಟಣದಲ್ಲಿ 1887-88ರಲ್ಲಿ ಕೈಯಿಂದಲೇ ತೋಡಿದ, 109 ಅಡಿ ಆಳದ, 32 ಅಡಿ ಅಗಲದ ಬಾವಿಯಿದೆ. ಪಟ್ಟಣವನ್ನು ಎಲ್ಲರೂ ನೆನೆಯುವುದು ಮಾತ್ರ ಬೇರೆ ಕಾರಣಕ್ಕೆ. 2007ರ ಮೇ 4ರ ರಾತ್ರಿ ಸುಮಾರು 2.7 ಕಿಲೋಮೀಟರ್ ಅಗಲದ, ಅಂದರೆ ಊರಿಗಿಂತಲೂ ಅಗಲವಾದ ಸುಂಟರಗಾಳಿಯೊಂದು ಅದರ ಮೇಲೆ ಹಾದುಹೋಗಿ ಶೇಕಡಾ 95ರಷ್ಟು ಕಟ್ಟಡಗಳನ್ನು ನೆಲಸಮ ಮಾಡಿತು. ಅದೇ ವರ್ಷ ಫೆಬ್ರುವರಿಯಲ್ಲಿ ಜಾರಿಗೆ ಬಂದಿದ್ದ ಹೊಸ ಮಾಪನದಲ್ಲಿ ಅತ್ಯಂತ ಮೇಲಿನ ಇಎಫ್5 ದರ್ಜೆ ಪಡೆದ ಮೊದಲ ಸುಂಟರಗಾಳಿ ಅದು. ಮುನ್ನೆಚ್ಚರಿಕೆ ಸಕಾಲದಲ್ಲಿ ಸಿಕ್ಕಿದ್ದರಿಂದ ಹೆಚ್ಚಿನ ಜನ ನೆಲಮಾಳಿಗೆಗಳಿಗೆ ಇಳಿದು ಬದುಕಿಕೊಂಡರು. ಊರು ಹೋದರೂ ಬಾವಿ ಉಳಿಯಿತು ಎಂಬುದು ಅತ್ತೆಯ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ನಮ್ಮ ಕೊಳವೆಯನ್ನು ನೋಡಿ ಅವರಿಗಾದ ನಿರಾಸೆ ನನಗೆ ಅರ್ಥವಾಯಿತು.

ಇಲ್ಲಿ ನಮ್ಮದು ತಪ್ಪು ಲೆಕ್ಕವಾಗಿತ್ತು. ಕಾನ್ಸಾಸ್ ಎಂದರೆ ಸುಂಟರಗಾಳಿ ಎಂದುಕೊಂಡು ನಾವು ಅದಕ್ಕೆ ಮಾತ್ರ ಸಿದ್ಧರಾಗಿದ್ದೆವು: ನೆಲಮಾಳಿಗೆಯ ಮೂಲೆಯಲ್ಲಿ ಹೆಲ್ಮೆಟ್ಟು, ಗಟ್ಟಿ ಚಪ್ಪಲಿ, ಟಾರ್ಚು, ಕಾಗದಪತ್ರಗಳ ಪೆಟ್ಟಿಗೆ. ಅದು ತಪ್ಪೇನಲ್ಲ. ಆದರೆ ಸುಂಟರಗಾಳಿ ನಮ್ಮ ಮನೆಯ ಮೇಲೆಯೇ ಬರುವುದು ಅಪರೂಪ. ಎಲ್ಲೋ ಹತ್ತು ಮೈಲಿ ಆಚೆ ಬಂದರೂ, ಚಳಿಗಾಲದಲ್ಲಿ ತಂತಿಗಳ ಮೇಲೆ ಮಂಜುಗಡ್ಡೆ ಕಟ್ಟಿದರೂ, ಬರಿಯ ಗಾಳಿ ಬೀಸಿದರೂ ಕರೆಂಟು ಹೋಗುವುದು ಖಚಿತ. ಕರೆಂಟು ಹೋದೊಡನೆ ಪಟ್ಟಣದವರಿಗೆ ದೀಪ ಹೋಗುತ್ತದೆ, ನಮಗೆ ಕುಡಿಯುವ ನೀರು ಹೋಗುತ್ತದೆ, ಶೌಚಾಲಯ ಹೋಗುತ್ತದೆ. ಜೊತೆಗೆ ಮಳೆಯೂ ಇದ್ದರೆ ನೆಲಮಾಳಿಗೆಯೂ ಹೋಗುತ್ತದೆ, ಏಕೆಂದರೆ ಅಲ್ಲಿನ ಗುಂಡಿಯಲ್ಲಿ ಜಿನುಗಿ ಸೇರುವ ನೀರನ್ನು ಹೊರಗೆ ಎಸೆಯುವ ಸಂಪ್ ಪಂಪು ಕೂಡ ಅದೇ ಕರೆಂಟಿನ ಮೇಲೆ ಓಡುತ್ತದೆ. (ಬೆಂಗಳೂರಿನಲ್ಲಿ ಸಂಪು ಎಂದರೆ ನೀರು ಕೂಡಿಡುವ ಜಾಗ, ಇಲ್ಲಿ ನೀರನ್ನು ಓಡಿಸುವ ಜಾಗ; ಈ ವ್ಯತ್ಯಾಸ ಅತ್ತೆಗೆ ಇನ್ನೂ ಒಪ್ಪಿಗೆಯಾಗಿಲ್ಲ.) ಸುಂಟರಗಾಳಿಯಿಂದ ತಪ್ಪಿಸಿಕೊಳ್ಳಲು ಇಳಿಯಬೇಕಾದ ಕೋಣೆಯಲ್ಲೇ ಪಾದ ಮುಳುಗುವಷ್ಟು ನೀರು ನಿಲ್ಲಬಹುದೆಂದು ನಾವು ಒಮ್ಮೆಯೂ ಯೋಚಿಸಿರಲಿಲ್ಲ.

ಜನರೇಟರ್ ಇರಲಿಲ್ಲವೇ ಎಂದರೆ, ಇತ್ತು. ಎರಡು ವರ್ಷದ ಹಿಂದೆ ನಮ್ಮವರು ಮನೆಯೆಲ್ಲ ನಡೆಯುತ್ತದೆ ಎಂಬ ಅಂಗಡಿಯವನ ಮಾತು ನಂಬಿ ತಂದದ್ದು. ಫ್ರಿಜ್ಜು, ನಾಲ್ಕು ದೀಪ, ಫೋನುಗಳು ಅದರಲ್ಲಿ ಚೆನ್ನಾಗಿಯೇ ನಡೆದವು. ಪಂಪು ಮಾತ್ರ ಅಲುಗಲಿಲ್ಲ. ಟ್ರ್ಯಾಕ್ಟರಿಗೆ ಜೋಡಿಸಿದ ಜನರೇಟರಿನಿಂದ ತನ್ನ ಕೊಟ್ಟಿಗೆ ನಡೆಸುತ್ತಿದ್ದ ಪಕ್ಕದ ಜಮೀನಿನ ಹಿರಿಯ ರೈತರು ಬಂದು ನೋಡಿ, ಪಂಪಿಗೆ 240 ವೋಲ್ಟ್ ಬೇಕು, ನಿಮ್ಮ ಯಂತ್ರ ಕೊಡುವುದು 120 ಮಾತ್ರ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಮನೆಗೆಲ್ಲ 230 ವೋಲ್ಟ್ ಬರುವ ದೇಶದಲ್ಲಿ ಬೆಳೆದ ನಮಗೆ ಇದು ಹೊಳೆಯಲೇ ಇಲ್ಲ. ಜನರೇಟರಿನ ತಂತಿಯನ್ನು ಗೋಡೆಯ ಪ್ಲಗ್ಗಿಗೆ ಚುಚ್ಚಿ ಮನೆಗೆ ಕರೆಂಟು ಹಾಯಿಸುವ ಉಪಾಯ ಮಾಡಬೇಡಿ, ಅದು ಹೊರಗಿನ ತಂತಿಗೂ ಹರಿದು ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ನ ಪ್ರಾಣ ತೆಗೆದೀತು ಎಂದೂ ಅವರು ಗದರಿದರು. ನಮ್ಮವರು ಸರಿಯಾಗಿ ಅದನ್ನೇ ಯೋಚಿಸುತ್ತಿದ್ದರು ಎಂಬುದನ್ನು ನಾನು ಬಾಯಿಬಿಡಲಿಲ್ಲ. ಮಂಗಳವಾರ ಎಲೆಕ್ಟ್ರಿಷಿಯನ್ ಬರುತ್ತಾನೆ. ಹೊರಗಿನ ಲೈನನ್ನೂ ಜನರೇಟರನ್ನೂ ಬೇರೆಬೇರೆಯಾಗಿಡುವ ಸ್ವಿಚ್ಚು ಹಾಕಿಸಿ, 240 ವೋಲ್ಟಿನ ಯಂತ್ರ ಕೊಳ್ಳುವುದೆಂದು ತೀರ್ಮಾನವಾಗಿದೆ. ಯಂತ್ರವನ್ನು ಮನೆಯಿಂದ ಕನಿಷ್ಠ 20 ಅಡಿ ದೂರ, ಕಿಟಕಿಗಳ ಕಡೆಗೆ ಹೊಗೆ ಬಾರದಂತೆ ಇಡಬೇಕು; ಗ್ಯಾರೇಜಿನಲ್ಲಿ ಬಾಗಿಲು ತೆರೆದಿಟ್ಟು ಓಡಿಸಿದರೂ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಇಂದು ಬೆಳಿಗ್ಗೆ ಕೂತು ನೀರಿನ ಲೆಕ್ಕ ಹಾಕಿದೆವು. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ 3.8 ಲೀಟರ್ ಎಂಬುದು ಇಲ್ಲಿನ ತುರ್ತು ಇಲಾಖೆಗಳು ಹೇಳುವ ಕನಿಷ್ಠ ಅಳತೆ. ನಾಲ್ಕು ಜನಕ್ಕೆ ಎರಡು ವಾರಕ್ಕೆ 56 ಗ್ಯಾಲನ್ ಬೇಕು. ಆಗ ನೆನಪಾದದ್ದು ವಾಟರ್ ಹೀಟರ್: ಅದರ ಹೊಟ್ಟೆಯಲ್ಲಿ 50 ಗ್ಯಾಲನ್ ಒಳ್ಳೆಯ ನೀರು ಸದಾ ಇರುತ್ತದೆ! ಅದರ ಸ್ವಿಚ್ಚು ಆರಿಸಿ, ತಣ್ಣಗಾದ ಮೇಲೆ ನೀರು ಒಳಗೆ ಬರುವ ವಾಲ್ವ್ ಮುಚ್ಚಿ, ಮನೆಯೊಳಗಿನ ಒಂದು ಬಿಸಿನೀರಿನ ನಲ್ಲಿ ತೆರೆದು, ಕೆಳಗಿನ ತೂಬಿನಿಂದ ಹಿಡಿದುಕೊಳ್ಳಬಹುದು. ಶನಿವಾರ ನಾವು ಆ ನೀರಿನ ಪಕ್ಕದಲ್ಲೇ ಬಾಯಾರಿ ಕೂತಿದ್ದೆವು. ನೀರಿನ ಬಗ್ಗೆ ಅನುಮಾನ ಬಂದರೆ ಒಂದು ಕುದಿ ಕುದಿಸುವುದೇ ಒಳ್ಳೆಯದು. ಅದಾಗದಿದ್ದರೆ ಸುವಾಸನೆ ಬೆರೆಸದ ಸಾದಾ ಬ್ಲೀಚನ್ನು ಲೀಟರಿಗೆ ಎರಡು ಹನಿ ಹಾಕಿ ಅರ್ಧ ಗಂಟೆ ಬಿಡಬೇಕು, ನೀರು ಕಲಕಿದ್ದರೆ ಹನಿ ಇಮ್ಮಡಿ. ಹೊಲದಿಂದ ಗೊಬ್ಬರ, ಔಷಧಿ ಹರಿದುಬಂದ ನೆರೆನೀರಿಗೆ ಇದ್ಯಾವುದೂ ಸಾಲದು.

ಫ್ರೀಜರಿನದು ಸಣ್ಣ ವಿಷಯ. ತುಂಬಿದ್ದರೆ, ಬಾಗಿಲು ತೆರೆಯದಿದ್ದರೆ, 48 ಗಂಟೆ ತಣ್ಣಗಿರುತ್ತದೆ; ಅರ್ಧ ತುಂಬಿದ್ದರೆ 24. ಆದ್ದರಿಂದ ಖಾಲಿ ಜಾಗಕ್ಕೆ ನೀರಿನ ಬಾಟಲಿ ಇಟ್ಟು ಹೆಪ್ಪುಗಟ್ಟಿಸಿದ್ದೇವೆ, ಕರಗಿದರೆ ಕುಡಿಯಲೂ ಆಯಿತು.

ಎಚ್ಚರಿಕೆಯ ಸುದ್ದಿ ನಮ್ಮನ್ನು ತಲುಪುವುದು ಹೇಗೆ ಎಂಬ ಇನ್ನೊಂದು ಪ್ರಶ್ನೆ ಜುಲೈನಿಂದಲೂ ನನ್ನನ್ನು ಕಾಡುತ್ತಿದೆ. ಜುಲೈ 4ರ ನಸುಕಿನಲ್ಲಿ ಟೆಕ್ಸಾಸ್‌ನ ಕರ್ ಕೌಂಟಿಯಲ್ಲಿ ಗ್ವಾಡಲೂಪೆ ನದಿ ಮುಕ್ಕಾಲು ಗಂಟೆಯಲ್ಲಿ 26 ಅಡಿಯಷ್ಟು ಏರಿತು. ಆ ಒಂದು ಕೌಂಟಿಯಲ್ಲೇ ನೂರಕ್ಕಿಂತ ಹೆಚ್ಚು ಜನ ಸತ್ತರು. ಹವಾಮಾನ ಇಲಾಖೆಯ ಎಚ್ಚರಿಕೆ ರಾತ್ರಿ ಒಂದು ಗಂಟೆ ದಾಟುತ್ತಲೇ ಹೊರಟಿತ್ತು, ಆದರೆ ಆ ಹೊತ್ತಿನಲ್ಲಿ ಎಚ್ಚರವಿದ್ದವರು ಎಷ್ಟು ಮಂದಿ? ನಮ್ಮ ಸೈರನ್ ಇರುವುದು ಏಳು ಮೈಲಿ ದೂರದ ಪಟ್ಟಣದಲ್ಲಿ, ಅದೂ ಮನೆಯ ಹೊರಗಿರುವವರಿಗಾಗಿ ಹಾಕಿದ್ದು. ಫೋನಿನ ಸಿಗ್ನಲ್ ಮೋಡ ಕವಿದರೆ ಸಾಕು, ಮುನಿಸಿಕೊಳ್ಳುತ್ತದೆ. ಆದ್ದರಿಂದ ಬ್ಯಾಟರಿಯ ಹವಾಮಾನ ರೇಡಿಯೋ ಒಂದನ್ನು ತಂದು, ನಮ್ಮ ಕೌಂಟಿಯ ಆರು ಅಂಕಿಗಳ ಸಂಕೇತವನ್ನು ಅದರಲ್ಲಿ ಹೊಂದಿಸಿದೆವು; ಬೇರೆ ಕೌಂಟಿಗಳ ಎಚ್ಚರಿಕೆಗೆಲ್ಲ ಅದು ಕೂಗಿಕೊಳ್ಳುವುದಿಲ್ಲ, ನಮ್ಮದಕ್ಕೆ ಮಾತ್ರ ಮಲಗಿದವರನ್ನು ಎಬ್ಬಿಸುತ್ತದೆ. 'ವಾಚ್' ಎಂದರೆ ಅಪಾಯಕ್ಕೆ ತಕ್ಕ ವಾತಾವರಣ ಕೂಡಿದೆ ಎಂದು, 'ವಾರ್ನಿಂಗ್' ಎಂದರೆ ಅಪಾಯ ಬಂದೇ ಬಿಟ್ಟಿದೆ ಎಂದು. ಮಗಳು ಅದನ್ನು ಅಜ್ಜಿಗೆ "ವಾಚ್ ಅಂದರೆ ಹಾಲು ಒಲೆಯ ಮೇಲಿದೆ, ವಾರ್ನಿಂಗ್ ಅಂದರೆ ಉಕ್ಕಿತು" ಎಂದು ವಿವರಿಸಿದಳು.

ಹಳ್ಳದ ಪಕ್ಕದಲ್ಲಿದ್ದೂ ನಾವು ಪ್ರವಾಹದ ವಿಮೆ ಮಾಡಿಸಿರಲಿಲ್ಲ. ಸಾಮಾನ್ಯ ಮನೆ ವಿಮೆಯಲ್ಲಿ ಪ್ರವಾಹದ ನಷ್ಟ ಸೇರುವುದಿಲ್ಲ; ಕೇಂದ್ರ ಸರ್ಕಾರದ ಯೋಜನೆಯಲ್ಲಿ ಬೇರೆಯಾಗಿ ಮಾಡಿಸಿದರೂ ಸಾಮಾನ್ಯವಾಗಿ 30 ದಿನ ಕಳೆದ ಮೇಲೆಯೇ ಅದು ಜಾರಿಗೆ ಬರುತ್ತದೆ, ಮೋಡ ನೋಡಿಕೊಂಡು ಓಡಿದರೆ ಉಪಯೋಗವಿಲ್ಲ. ನಾಳೆ ಅರ್ಜಿ ಹಾಕಬೇಕು.

ಸಂಜೆಯ ಹೊತ್ತಿಗೆ ಹನ್ನೆರಡು ಕ್ಯಾನುಗಳನ್ನು ತೊಳೆದು ತುಂಬಿಸಿದೆವು. ಆರು ತಿಂಗಳಿಗೊಮ್ಮೆ ನೀರು ಬದಲಿಸಬೇಕಾದ್ದರಿಂದ ಪ್ರತಿಯೊಂದರ ಮೇಲೂ ದಿನಾಂಕ ಬರೆಯುವ ಕೆಲಸವನ್ನು ಅತ್ತೆ ವಹಿಸಿಕೊಂಡು, ದಪ್ಪ ಮಾರ್ಕರ್ ಪೆನ್ನಿನಿಂದ ೧೪-೯-೨೦೨೫ ಎಂದು ದುಂಡಗೆ ಕನ್ನಡ ಅಂಕಿಗಳಲ್ಲಿ ಬರೆಯುತ್ತಾ ಹೋದರು. ಮಾರ್ಚಿನಲ್ಲಿ ಅಜ್ಜಿ ಇಲ್ಲಿರುವುದಿಲ್ಲವಲ್ಲ ಎಂದುಕೊಂಡು ಮಗಳು ಅವರ ಹಿಂದೆಯೇ ನಡೆದು, ಪ್ರತಿ ಕ್ಯಾನಿನ ಮೇಲೂ ಇಂಗ್ಲಿಷ್ ಅಂಕಿಗಳನ್ನು ಸಣ್ಣದಾಗಿ ಸೇರಿಸಿದಳು.