ಹತ್ತು ನಿಮಿಷ ಎಂದು ನಾನೇ ಹೇಳಿದ್ದೆ

ಮೂರು ಚಳಿಗಾಲ ಕಳೆದಿವೆ. ಈಗಲೂ ರೈಲು ಸದ್ದಿಲ್ಲದೆ ಹೊರಟಾಗಲೆಲ್ಲ ನನ್ನ ಕಣ್ಣು ಮೊದಲು ಪ್ಲಾಟ್‌ಫಾರಂ ಕಡೆಗೆ ಹೋಗುತ್ತದೆ.

ನಾನು ಪ್ರವಾಸ ಸಂಸ್ಥೆಯೊಂದರಲ್ಲಿ ಟೂರ್ ಮ್ಯಾನೇಜರ್. ಬೇಸಿಗೆಯಲ್ಲಿ ಏಳು ಸಲ ಸ್ವಿಟ್ಜರ್ಲೆಂಡಿಗೆ ಗುಂಪು ಕರೆದುಕೊಂಡು ಹೋಗಿದ್ದೆ. ಆ ಜನವರಿಯದು ನನ್ನ ಮೊದಲ ಚಳಿಗಾಲದ ಗುಂಪು: ಮೂವತ್ತೊಂದು ಪ್ಯಾಕ್ಸ್ (ನಮ್ಮ ವೃತ್ತಿಯಲ್ಲಿ ಪ್ರವಾಸಿಗರನ್ನು ಹೀಗೆನ್ನುತ್ತೇವೆ), ಹೆಚ್ಚಿನವರು ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ನಿವೃತ್ತರು. ಕರಪತ್ರದ ಮುಖಪುಟದಲ್ಲಿ ಆಲ್ಪ್ಸ್ ಪರ್ವತ ದಾಟುವ ಪ್ರವಾಸಿ ರೈಲು ಬರ್ನಿನಾ ಎಕ್ಸ್‌ಪ್ರೆಸ್ಸಿನ ಗಾಜಿನ ಬೋಗಿಯನ್ನು ಹಾಕಿ ಮಾರಾಟ ಮಾಡಿದ್ದರು. ರೈಲು ಪಾಸ್ ಇದ್ದರೂ ಆ ರೈಲಿಗೆ ಆಸನ ಕಾಯ್ದಿರಿಸುವ ಶುಲ್ಕವನ್ನು ಬೇರೆಯಾಗಿಯೇ ಕಟ್ಟಬೇಕು ಎಂದು ನಾನು ಎರಡು ಸಲ ಬರೆದಿದ್ದೆ. ಕಚೇರಿಯಲ್ಲಿ ಬುಕಿಂಗ್ ನೋಡುವ ಆಪರೇಷನ್ಸ್‌ನವರು ಎದ್ದು ನೋಡುವಷ್ಟರಲ್ಲಿ ನಮ್ಮ ದಿನಾಂಕಕ್ಕೆ ಜಾಗ ಮುಗಿದಿತ್ತು.

ಹಾಗಾಗಿ ಸೇಂಟ್ ಮೊರಿಟ್ಜ್‌ನಿಂದ ಇಟಲಿಯ ಗಡಿಯೊಳಗಿನ ಟಿರಾನೊಗೆ ಹೋಗುವ ಸಾಮಾನ್ಯ ಪ್ರಾದೇಶಿಕ ರೈಲನ್ನೇ ಹಿಡಿದೆವು. ಅದೇ ಮೀಟರ್ ಗೇಜ್ ಹಳಿ, ಅದೇ 61 ಕಿಲೋಮೀಟರ್, ಗಂಟೆಗೊಂದು ಗಾಡಿ. ಬೇಸರಪಟ್ಟುಕೊಂಡವರಿಗೆ ನಾನು ಹೇಳಿದ್ದು ಸಮಾಧಾನದ ಮಾತಲ್ಲ. ಗಾಜಿನ ಬೋಗಿಯ ಕಿಟಕಿ ತೆರೆಯುವುದಿಲ್ಲ, ಚಿತ್ರ ತೆಗೆದರೆ ನಮ್ಮದೇ ಮುಖ ಅದರಲ್ಲಿ ಮೂಡುತ್ತದೆ. ಪ್ರಾದೇಶಿಕ ರೈಲಿನಲ್ಲಿ ಇಳಿಸಬಹುದಾದ ಕಿಟಕಿಯೊಂದು ಸಿಕ್ಕರೆ ಹಿಮದ ಗಾಳಿ ನೇರವಾಗಿ ಕೆನ್ನೆಗೆ ಬಡಿಯುತ್ತದೆ. ಇಂದಿಗೂ ನನ್ನನ್ನು ಕೇಳಿದರೆ ಆ ರೈಲನ್ನೇ ಹಿಡಿಯಿರಿ ಎನ್ನುತ್ತೇನೆ.

ಮೊರ್ಟೆರಾಚ್ ಹಿಮನದಿ ಕಾಣುವ ತಿರುವನ್ನು ದಾಟಿ ಮೇಲೇರಿದೆವು. ಗಾಡಿ ಜಾರದಂತೆ ಹಿಡಿಯುವ ಹಲ್ಲುಹಳಿಯ ಆಸರೆಯಿಲ್ಲದೆ ನೂರು ಮೀಟರಿಗೆ ಏಳು ಮೀಟರ್ ಏರುವ ದಾರಿಯದು, 1910ರಲ್ಲಿ ಪೂರ್ಣಗೊಂಡದ್ದು. 2253 ಮೀಟರ್ ಎತ್ತರದ ಒಸ್ಪಿಜಿಯೊ ಬರ್ನಿನಾ ನಿಲ್ದಾಣ ಸಮೀಪಿಸುತ್ತಿದ್ದಂತೆ ಲಾಗೊ ಬಿಯಾಂಕೊ ಸರೋವರ ಹೆಪ್ಪುಗಟ್ಟಿ, ದಡ ಯಾವುದು ನೀರು ಯಾವುದು ಎಂದು ತಿಳಿಯದಂತಾಗಿತ್ತು. ಪಕ್ಕದ ಪುಟ್ಟ ಸರೋವರದ ನೀರು ಇನ್ ನದಿ ಸೇರಿ, ಡ್ಯಾನ್ಯೂಬ್ ಮೂಲಕ ಕಪ್ಪು ಸಮುದ್ರಕ್ಕೆ ಹೋಗುತ್ತದೆ. ಲಾಗೊ ಬಿಯಾಂಕೊದ್ದು ಪೊ ನದಿಯ ಮೂಲಕ ಏಡ್ರಿಯಾಟಿಕ್‌ಗೆ. ಇದನ್ನು ಹೇಳಿದ್ದೇ ತಡ, ಹಿರಿಯರೊಬ್ಬರು ಬಿಸಿಲೆ ಘಾಟಿಯ ಏಣನ್ನು ನೆನಪಿಸಿದರು: ಒಂದು ಕಡೆಯ ಮಳೆನೀರು ಕುಮಾರಧಾರೆಗೆ, ಇನ್ನೊಂದು ಕಡೆಯದು ಹೇಮಾವತಿಗೆ. ಬೋಗಿಯಲ್ಲಿ ಮಾತಿಗೆ ಮಾತು ಸೇರಿ ಕಳೆಯೇರಿತು. ನನಗೂ ಉತ್ಸಾಹ ಉಕ್ಕಿತು. ಎಡವಿದ್ದು ಅಲ್ಲಿ.

ಮುಂದಿನ ನಿಲ್ದಾಣ ಆಲ್ಪ್ ಗ್ರ್ಯುಮ್, 2091 ಮೀಟರ್. ಬೇಸಿಗೆಯಲ್ಲಿ ನನ್ನ ಗಾಡಿಗಳು ಅಲ್ಲಿ ಸಾಕಷ್ಟು ಹೊತ್ತು ನಿಂತಿದ್ದವು. "ಇಲ್ಲಿ ಹತ್ತು ನಿಮಿಷ, ಇಳಿದು ಪಾಲ್ಯೂ ಹಿಮನದಿ ನೋಡಿ ಬನ್ನಿ" ಎಂದುಬಿಟ್ಟೆ. ಆ ದಿನದ ವೇಳಾಪಟ್ಟಿ ನನ್ನ ಜೇಬಿನಲ್ಲೇ ಇತ್ತು. ತೆಗೆದು ನೋಡಲಿಲ್ಲ. ಕಂಡಕ್ಟರ್ ನನ್ನ ಪಕ್ಕದಲ್ಲೇ ಹಾದುಹೋದರು. ಕೇಳಲಿಲ್ಲ.

ಹೊರಗೆ ಮೈನಸ್ ಹದಿನಾಲ್ಕು ಡಿಗ್ರಿ. ಹೆಚ್ಚಿನವರು ಒಂದು ಚಿತ್ರ ತೆಗೆದು ಓಡಿ ಬಂದರು. ಬಾಗಿಲು ಮುಚ್ಚುವ ಸೂಚನೆ ಕೇಳಿಸಿದಾಗ ನಾನಿನ್ನೂ ಆ ಹಿರಿಯರಿಗೆ ನೀರಿನ ಕಥೆ ಮುಗಿಸುತ್ತಿದ್ದೆ. ತಿರುಗಿ ಗಟ್ಟಿಯಾಗಿ "ಎಲ್ಲರೂ ಬಂದಿರಾ?" ಎಂದೆ. "ಬಂದೆವು" ಎಂಬ ಒಕ್ಕೊರಲ ಉತ್ತರ ಬಂತು. ಹೆಡ್ ಕೌಂಟ್ ಎಂದರೆ ತಲೆ ಎಣಿಸುವುದು. ನಾನು ಎಣಿಸಿದ್ದು ದನಿಯನ್ನು.

ಗಾಡಿ ಹೊರಟು ಅರ್ಧ ನಿಮಿಷವಾಗಿರಬಹುದು. "ಅಕ್ಕ ಆ ಕಡೆಯ ಸೀಟಿನಲ್ಲಿ ಇದ್ದಾಳಲ್ಲವೇ?" ಎಂದು ಹೆಂಗಸೊಬ್ಬರು ಕೇಳಿದರು. ಇರಲಿಲ್ಲ.

ಆಲ್ಪ್ ಗ್ರ್ಯುಮ್‌ಗೆ ವಾಹನ ಹೋಗುವ ರಸ್ತೆಯಿಲ್ಲ; ರೈಲೊಂದೇ ದಾರಿ. ನಿಲ್ದಾಣ ಬಿಟ್ಟ ಮೇಲೆ ಹಳಿ ಅದೇ ಗುಡ್ಡದ ಬುಡದಲ್ಲಿ ಹಿಂದಕ್ಕೆ ಹೊರಳಿ, ಮತ್ತೆ ಹೊರಳಿ, ಸುತ್ತುಸುತ್ತಾಗಿ ಇಳಿಯುತ್ತದೆ. ಜನ ಮೆಚ್ಚಿ ಚಿತ್ರ ತೆಗೆಯುವ ತಿರುವುಗಳು ಅವು. ಮೊದಲ ತಿರುವಿನಲ್ಲಿ ಮೇಲೆ ನೋಡಿದೆ. ಕಲ್ಲಿನ ಕಟ್ಟಡದ ಪಕ್ಕದಲ್ಲಿ ಅರಿಶಿನ ಬಣ್ಣದ ಶಾಲೊಂದು ನಿಂತಿತ್ತು. ಎರಡನೆಯ ತಿರುವಿನಲ್ಲಿ ಮತ್ತೆ ಕಂಡಿತು, ಇನ್ನೂ ಚಿಕ್ಕದಾಗಿ. ಅವರು ಕೈ ಬೀಸುತ್ತಿರಲಿಲ್ಲ, ಅಲುಗದೆ ನಿಂತಿದ್ದರು. ಪಕ್ಕದಲ್ಲಿ ತಂಗಿ ಗಾಜಿಗೆ ಅಂಗೈ ಒತ್ತಿ ಅಳುತ್ತಿದ್ದರು. ಕರೆ ಮಾಡೋಣವೆಂದರೆ ಅಕ್ಕನ ಬಳಿ ಸಿಮ್ ಇರಲಿಲ್ಲ: ವೆಚ್ಚ ಇಳಿಸಲೆಂದು ಕಚೇರಿ ಆ ವರ್ಷ ಕೋಣೆಗೊಂದೇ ಸಿಮ್ ಕೊಟ್ಟಿತ್ತು, ಅದು ತಂಗಿಯ ಫೋನಿನಲ್ಲಿತ್ತು.

ಕಂಡಕ್ಟರ್ ನನ್ನನ್ನು ಬೈಯಲಿಲ್ಲ. ಇಟಾಲಿಯನ್ ಭಾಷೆಯಲ್ಲಿ ಯಾರಿಗೋ ಫೋನ್ ಮಾಡಿದರು, ಇಟ್ಟರು, ಕಾದರು. ಆ ಹನ್ನೊಂದು ನಿಮಿಷ ನಾನು ಅವರ ಮುಖವನ್ನೇ ನೋಡುತ್ತ ನಿಂತಿದ್ದೆ. ಎಪ್ಪತ್ತರ ಹತ್ತಿರದ ಜೀವ, ರಕ್ತದೊತ್ತಡದ ಮಾತ್ರೆ ತಂಗಿಯ ಚೀಲದಲ್ಲಿ, ಭಾಷೆ ಬಾರದ ಊರು. ಕೊನೆಗೆ ಫೋನ್ ಬಂತು. ನಿಲ್ದಾಣದ ರೆಸ್ಟೋರೆಂಟಿನವರು ಅವರನ್ನು ಒಳಗೆ ಕರೆದು ಕೂರಿಸಿ ಬಿಸಿ ಚಹಾ ಕೊಟ್ಟಿದ್ದರು. ಮುಂದಿನ ಗಾಡಿಗೆ ಹತ್ತಿಸುವುದಾಗಿ ಹೇಳಿದ್ದರು.

ಗುಂಪನ್ನು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಒಪ್ಪಿಸಿ ಟಿರಾನೊಗೆ ಕಳುಹಿಸಿ, ನಾನು ಮತ್ತು ತಂಗಿ ಕೆಳಗಿನ ಕಣಿವೆಯ ಊರು ಪೋಸ್ಕಿಯಾವೊದಲ್ಲಿ ಇಳಿದೆವು. ಅಲ್ಲಿದ್ದಾಗಲೇ ಕಚೇರಿಯಿಂದ ಕರೆ ಬಂತು. ಟಿರಾನೊದಲ್ಲಿ ನಮ್ಮ ಬಸ್ಸು ಕಾಯುತ್ತಿದೆ, ಡ್ರೈವರ್ ಅವರ್ಸ್, ಅಂದರೆ ಚಾಲಕನ ಕೆಲಸದ ಅವಧಿ, ಮೀರಿದರೆ ಆ ಖರ್ಚು ಯಾವ ಲೆಕ್ಕಕ್ಕೆ ಎಂದು ಕೇಳಿದರು. ಆ ತಾಯಿ ಹೇಗಿದ್ದಾರೆ ಎಂದು ಕೇಳಲಿಲ್ಲ. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೂ ಆ ಕರೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಗಂಟೆಯ ನಂತರ ಗಾಡಿ ಬಂತು. ಹತ್ತಿದೆವು. ಅವರು ಕಿಟಕಿಯ ಪಕ್ಕ ನೆಟ್ಟಗೆ ಕುಳಿತಿದ್ದರು. ನಲವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವರು. ತಂಗಿಯ ಕೈ ಹಿಡಿದುಕೊಂಡು, ನನ್ನತ್ತ ಮಣಿಕಟ್ಟು ಚಾಚಿ ಗಡಿಯಾರ ತೋರಿಸಿದರು.

"ನೀವು ಹತ್ತು ನಿಮಿಷ ಎಂದಿರಿ. ನಾನು ಇದನ್ನು ನೋಡಿಕೊಂಡೇ ನಿಂತಿದ್ದೆ. ನಾಲ್ಕು ನಿಮಿಷವೂ ಆಗಿರಲಿಲ್ಲ."

ಕ್ಷಮಿಸಿ ಎಂದೆ. ಅವರು ತಲೆಯಾಡಿಸಿದರು, ಮಾತನಾಡಲಿಲ್ಲ. ನಿಧಾನಿಯಾದ ಹೆಂಗಸು, ದಾರಿ ತಪ್ಪಿರಬೇಕು ಎಂದು ಆ ಒಂದು ಗಂಟೆ ಮನಸ್ಸಿನ ಒಂದು ಮೂಲೆಯಲ್ಲಿ ಅವರನ್ನೇ ದೂರುತ್ತಿದ್ದೆ. ಇಡೀ ಗುಂಪಿನಲ್ಲಿ ನನ್ನ ಮಾತನ್ನು ಅಕ್ಷರಶಃ ನಂಬಿದವರು ಅವರೊಬ್ಬರೇ.

ಈಗ ನಾನು ಪ್ರತಿ ಆಸನದ ಬೆನ್ನು ಮುಟ್ಟಿ ಎಣಿಸುತ್ತೇನೆ, ಎಣಿಸುವಾಗ ಯಾರೊಂದಿಗೂ ಮಾತನಾಡುವುದಿಲ್ಲ. ನಿಲುಗಡೆ ಎಷ್ಟು ಎಂದು ಕಂಡಕ್ಟರನ್ನು ಕೇಳದೆ ಬಾಯಿ ತೆರೆಯುವುದಿಲ್ಲ. ಪ್ರತಿ ಪ್ಯಾಕ್ಸ್‌ಗೂ ಒಂದು ಸಿಮ್ ಎಂದು ಹಟ ಹಿಡಿದು ಕೋಟೇಶನ್‌ನಲ್ಲಿ ಬರೆಸಿದ್ದೇನೆ. ಅದನ್ನು ತೆಗೆಯಲು ಸೇಲ್ಸ್‌ನವರು ಪ್ರತಿ ಸೀಸನ್ನಿಗೂ ಜಗಳವಾಡುತ್ತಾರೆ.

ಬ್ರೂಸಿಯೊದ ವರ್ತುಲ ಸೇತುವೆಯ ಮೇಲೆ ರೈಲು ತನ್ನ ಬಾಲವನ್ನೇ ಸುತ್ತುವಂತೆ ಹೊರಳಿ ಇಳಿಯಿತು. ಅವರು ಅದನ್ನು ನೋಡಿದರು, ಕಮಾನುಗಳನ್ನು ಎಣಿಸಿ ಒಂಬತ್ತು ಎಂದು ತಂಗಿಗೆ ಹೇಳಿದರು. ಟಿರಾನೊ ಕೊನೆಯ ನಿಲ್ದಾಣ, ಗಾಡಿ ಅಲ್ಲಿಂದ ಮುಂದೆ ಹೋಗುವುದಿಲ್ಲ. ಆದರೂ ಮೆಟ್ಟಿಲ ಬಳಿ ನಿಂತು, ಇಲ್ಲಿ ಎಷ್ಟು ನಿಮಿಷ ಎಂದು ಕೇಳಿದರು. ನಾನು ಜೇಬಿನಿಂದ ವೇಳಾಪಟ್ಟಿ ತೆಗೆದು, ನೋಡಿ ಹೇಳುವವರೆಗೂ ಕೆಳಗೆ ಕಾಲಿಡಲಿಲ್ಲ.