ಬೆಸ್ಟ್ ಎಂಟ್ರಿ ಯಾವುದು ಅಂತ ನನ್ನನ್ನು ಕೇಳಬೇಡಿ

ದಾವಣಗೆರೆಯ ಒಂದು ಟಾಕೀಸಿನಲ್ಲಿ ನಾನು ಮೂರು ವರ್ಷ ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸುತ್ತಿದ್ದೆ. 1990ರ ದಶಕದ ಕೊನೆ, ಕಾಲೇಜು ಫೀಸಿಗೆ. ಇದನ್ನು ಹೇಳಿದರೆ ಸಾಕು, ಪ್ರಶ್ನೆ ರೆಡಿ ಇರುತ್ತದೆ: "ಹಾಗಾದ್ರೆ ನೀವು ನೋಡಿದ್ರಲ್ಲಿ ಬೆಸ್ಟ್ ಹೀರೋ ಎಂಟ್ರಿ ಯಾವುದು?" ಮದುವೆ ಮನೆಯಲ್ಲಿ ಕೇಳುತ್ತಾರೆ. ಬೆಣ್ಣೆದೋಸೆಗೆ ಕಾಯುತ್ತಾ ನಿಂತಾಗ ಕೇಳುತ್ತಾರೆ. ಹೋದ ತಿಂಗಳು ಹಲ್ಲಿನ ಡಾಕ್ಟರು ಕೇಳಿದರು, ಅವರ ಎರಡು ಬೆರಳು ನನ್ನ ಬಾಯಲ್ಲಿದ್ದಾಗ. ಕೆಲವರಿಗೆ ಒಂದು ಸಾಲದು. "ಟಾಪ್ ಐದು ಹೇಳಿ" ಅನ್ನುತ್ತಾರೆ. ನಾನೇನು ಟಿವಿ ಚಾನೆಲ್ಲಾ?

ಉತ್ತರ ಇಷ್ಟೇ. ನಾನು ಒಂದೂ ಸರಿಯಾಗಿ ನೋಡಿಲ್ಲ.

ನಂಬುವುದಿಲ್ಲ ಅಂತ ಗೊತ್ತು. "ಪುಕ್ಕಟೆ ಸಿನಿಮಾ ನೋಡಿದ ಪುಣ್ಯವಂತ" ಅಂತಲೇ ಎಲ್ಲರ ಲೆಕ್ಕ. ಸ್ವಲ್ಪ ಯೋಚನೆ ಮಾಡಿ. ಜನ ತಡವಾಗಿ ಒಳಗೆ ಬರುವುದು ಯಾವಾಗ? ಮೊದಲ ಹದಿನೈದು ನಿಮಿಷದಲ್ಲಿ. ಹೀರೋ ಬರುವುದು ಯಾವಾಗ? ಹೆಚ್ಚುಕಡಿಮೆ ಆಗಲೇ. ಸಿನಿಮಾ ಮಾಡುವವರಿಗೂ ಇದು ಗೊತ್ತು. ಅದಕ್ಕೇ ಮೊದಲು ರೌಡಿಗಳನ್ನು ಕಳಿಸಿ ಒಂದು ಸಂತೆ ಹಾಳು ಮಾಡಿಸುತ್ತಾರೆ. ಆಮೇಲೆ ಶೂ ತೋರಿಸುತ್ತಾರೆ. ಆಮೇಲೆ ಕೈ. ಆಮೇಲೆ ಬೆನ್ನು. ಮುಖ ಕೊನೆಗೆ. ಆ ಮುಖ ಬರುವ ಹೊತ್ತಿಗೆ ನಾನು ಯಾವುದೋ ಸಾಲಿನಲ್ಲಿ ಬಗ್ಗಿ "ಸ್ವಲ್ಪ ಕಾಲು ತೆಗೀರಿ ಸಾರ್" ಅನ್ನುತ್ತಿದ್ದೆ. ಟಾರ್ಚ್ ನೆಲಕ್ಕೆ ಹಿಡಿಯಬೇಕು, ಮುಖಕ್ಕಲ್ಲ. ಮ್ಯಾನೇಜರ್ ಕಲಿಸಿದ ಮೊದಲ ಪಾಠ ಅದು. ಹಾಗಾಗಿ ನಾನು ನೋಡಿದ್ದು ಚಪ್ಪಲಿ, ಮಂಡಕ್ಕಿ ಪೊಟ್ಟಣ, ಮಲಗಿದ ಮಕ್ಕಳು.

ಒಂದು ಸಂಜೆ ಒಬ್ಬ ಅಜ್ಜಿಯನ್ನು ಕರೆದುಕೊಂಡು ಒಳಗೆ ಹೋದೆ. ಮೊಮ್ಮಗ ಹೊರಗೆ ಸೈಕಲ್ ನಿಲ್ಲಿಸುತ್ತಿದ್ದ. ದೊಡ್ಡ ಸ್ಟಾರ್ ಸಿನಿಮಾ, ಮೊದಲ ವಾರ. ಅಜ್ಜಿ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಿದ್ದರು. ನಾವು ನಡುವೆ ಇರುವಾಗಲೇ ಹೀರೋ ಬಂದ. ಗಾಂಧಿ ಕ್ಲಾಸ್ ಪೂರ್ತಿ ಎದ್ದು ನಿಂತಿತು. ಶಿಳ್ಳೆ, ಕಾಗದದ ಚೂರು, ಪರದೆ ಕಡೆ ಚಿಲ್ಲರೆ. ಅಜ್ಜಿ ನಿಂತುಬಿಟ್ಟರು.

"ಯಾಕಪ್ಪಾ, ಎಲ್ರೂ ಎದ್ರಲ್ಲ. ಸಿನಿಮಾ ಮುಗೀತಾ?"

"ಇಲ್ಲಮ್ಮ, ಈಗ ಶುರುವಾತು. ಹೀರೋ ಬಂದ."

"ಬರ್ಲಿ ಬಿಡು. ಅವ್ನಿಗೆ ಕುರ್ಚಿ ಬಿಟ್ಟು ಕೊಡ್ಬೇಕೇನು?"

ನನಗೆ ಆ ಸಿನಿಮಾದ ಕಥೆ ನೆನಪಿಲ್ಲ. ಅಜ್ಜಿ ನೆನಪಿದ್ದಾರೆ.

ಹಟ ಹಿಡಿದು ಕೇಳಿದರೆ ಒಂದು ಹೆಸರು ಹೇಳಬಲ್ಲೆ: ಗಬ್ಬರ್. ನಮ್ಮಲ್ಲಿ 'ಶೋಲೆ' ಮತ್ತೆ ಹಾಕಿದ್ದರು. 1975ರ ಸಿನಿಮಾ, ನಮ್ಮ ರಾಮನಗರದ ಬಂಡೆಗಳ ಮೇಲೆ ತೆಗೆದದ್ದು. ಗಬ್ಬರ್ ಬರುವ ಹೊತ್ತಿಗೆ ಎಲ್ಲರೂ ಕೂತು, ನೀರು ಕುಡಿದು, ಮಗುವನ್ನು ಮಲಗಿಸಿ ಆಗಿರುತ್ತದೆ. ನನಗೂ ಕೆಲಸ ಇಲ್ಲ. ಬಾಗಿಲಿಗೆ ಒರಗಿ ನಿಂತು ಪೂರ್ತಿ ನೋಡಿದೆ. ಬಂಡೆ ಮೇಲೆ ಬೂಟು ಅತ್ತಿಂದಿತ್ತ ಓಡಾಡುತ್ತದೆ. ಕೈಯಲ್ಲಿ ಇಳಿಬಿಟ್ಟ ಬೆಲ್ಟು ಕಲ್ಲಿಗೆ ತಾಗಿ ಸದ್ದು ಮಾಡುತ್ತದೆ. ಮುಖ ಇಲ್ಲ. ಗಬ್ಬರ್ ಆದ ಅಮ್ಜದ್ ಖಾನ್ ಆಗ ಹೆಸರಿದ್ದ ನಟನೂ ಅಲ್ಲ. ಆದರೂ "ಎಷ್ಟು ಜನ ಇದ್ದರು?" ಅಂತ ಆ ದನಿ ಕೇಳಿದಾಗ ನಾನು ಬಾಗಿಲಿನ ಚಿಲಕ ನೋಡಿಕೊಂಡೆ. ಇದು ರುಚಿಯ ಮಾತಲ್ಲ, ಡ್ಯೂಟಿ ಟೈಮಿನ ಮಾತು. ವಿಲನ್‌ಗಳು ತಡವಾಗಿ ಬರುತ್ತಾರೆ, ಅದಕ್ಕೇ ಅವರ ಮೇಲೆ ನನಗೆ ಪ್ರೀತಿ ಜಾಸ್ತಿ.

ಯಾರೂ ಕೇಳದ ಪ್ರಶ್ನೆ ಒಂದಿದೆ. ಶಿಳ್ಳೆ ಬೀಳದ ಎಂಟ್ರಿ ಯಾವುದು? ಅದನ್ನು ಕೇಳಿ, ಕಾಫಿ ಕೊಡಿಸಿ ಹೇಳುತ್ತೇನೆ.

ಅಮ್ಮ ಚಿತ್ರದುರ್ಗದವಳು. 1972ರಲ್ಲಿ 'ನಾಗರಹಾವು' ಬಂದಾಗ ಅವಳಿಗೆ ಹದಿನಾಲ್ಕು ವರ್ಷ. ತರಾಸು ಅವರ ಕಥೆ, ಪುಟ್ಟಣ್ಣ ಕಣಗಾಲರ ಸಿನಿಮಾ, ತನ್ನದೇ ಊರಿನ ಕೋಟೆ. ಅಂಬರೀಶ್‌ಗೆ ಅದು ಮೊದಲ ಸಿನಿಮಾ. ಅಲಮೇಲುವನ್ನು ಕಾಡುವ ಜಲೀಲ. "ಅವನು ಬಂದಾಗ ಯಾರ್ ಶಿಳ್ಳೆ ಹೊಡೀತಿದ್ರು? ಕಂಡ್ರೆ ಮೈ ಉರೀತಿತ್ತು" ಅನ್ನುತ್ತಾಳೆ ಅಮ್ಮ. 2018ರಲ್ಲಿ ಅದೇ ಸಿನಿಮಾ ಮತ್ತೆ ಬಿಡುಗಡೆಯಾಯಿತು. ಅವಳನ್ನು ಕರೆದುಕೊಂಡು ಹೋದೆ. ಜಲೀಲ ಕಂಡಿದ್ದೇ ತಡ, ಹಾಲ್ ಹಾರಿಹೋಗುವ ಹಾಗೆ ಶಿಳ್ಳೆ. ಅದೇ ಶಾಟ್, ಅದೇ ಹುಡುಗ. ನಡುವೆ ನಲವತ್ತಾರು ವರ್ಷ. ಅಮ್ಮ ಮಾತ್ರ ಮುಖ ಗಂಟು ಹಾಕಿಕೊಂಡೇ ಕೂತಿದ್ದಳು. ಅವಳು ಅವನನ್ನು ಇನ್ನೂ ಕ್ಷಮಿಸಿಲ್ಲ.

ಓಬವ್ವನ ಹಾಡು ಬಂದಾಗ ಮಾತ್ರ ಸರಿಯಾಗಿ ಕೂತಳು. ಜಯಂತಿ ಓಬವ್ವ. ಗಂಡ ಊಟಕ್ಕೆ ಕೂತಿದ್ದಾನೆ, ಈಕೆ ನೀರು ತರಲು ಹೊರಟವಳು. ಎಂಟ್ರಿ ಅಂದರೆ ಅಷ್ಟೇ, ನೀರು ತರುವುದು. ಉಳಿದ ಎಂಟ್ರಿ ಎಲ್ಲಾ ಹೈದರಾಲಿಯ ಸೈನಿಕರದ್ದು. ಕೋಟೆಯ ಆ ಕಿಂಡಿ ನೋಡಿದವರಿಗೆ ಗೊತ್ತು, ಒಬ್ಬೊಬ್ಬರೇ ತಲೆ ತಗ್ಗಿಸಿ ನುಸುಳಬೇಕು. ಸ್ಲೋ ಮೋಷನ್‌ಗೆ ಜಾಗ ಇಲ್ಲ. ಒನಕೆ ಕಾಯುತ್ತಿರುತ್ತದೆ.

ಹೀರೋ ರಾಮಾಚಾರಿ ಎಂಟ್ರಿ ಹೇಗಿತ್ತು ಅಂತ ಈಗ ಕೇಳುತ್ತೀರಿ. ವಿಷ್ಣುವರ್ಧನ್ ಹೀರೋ ಆದ ಮೊದಲ ಸಿನಿಮಾ, ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗ. ಈ ಸಲ ಟಿಕೆಟ್ ತಗೊಂಡು, ನಡುಸಾಲಿನಲ್ಲಿ ಕೂತಿದ್ದೆ. ಅಷ್ಟರಲ್ಲಿ ಕತ್ತಲಲ್ಲಿ ಯಾರೋ ತಡವಾಗಿ ಬಂದು ನನ್ನ ಕಾಲು ತುಳಿದರು. ಕೈ ತಾನಾಗೇ ಜೇಬಿಗೆ ಹೋಯಿತು. ಮೊಬೈಲ್ ಲೈಟ್ ಹಾಕಿ ನೆಲಕ್ಕೆ ಹಿಡಿದೆ. "ಸೀಟ್ ನಂಬರ್ ಎಷ್ಟು ಸಾರ್?" ಅಂದೆ.

ತಲೆ ಎತ್ತುವಷ್ಟರಲ್ಲಿ ಶಿಳ್ಳೆ ನಿಂತಿತ್ತು.