ಸೈತಾನ ನಿಲ್ಲಿಸಿದ ಜಾಗ

ಫೆಬ್ರವರಿ 22, 2026, ಭಾನುವಾರ

ಈಸ್ಟರ್‌ಗೆ ಮುಂಚಿನ ಉಪವಾಸದ ಕಾಲ, ನಮ್ಮ ತಪಸ್ಸುಕಾಲ, ಶುರುವಾಗಿ ಇವತ್ತಿಗೆ ಐದೇ ದಿನ. ಅಷ್ಟರಲ್ಲೇ ನಿನ್ನೆ ರಾತ್ರಿ ಮಗಳ ಜೊತೆ ಜಗಳ. ವಿಷಯ ಅದೇ, ಫೋನು. ಈಸ್ಟರ್‌ವರೆಗೂ ರೀಲ್ಸ್ ನೋಡಲ್ಲ ಅಂತ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದು ಅವಳೇ ಹೇಳಿದ್ದಳು. ನಿನ್ನೆ ಹನ್ನೊಂದು ಗಂಟೆಗೆ ನೋಡಿದರೆ ಹೊದಿಕೆಯೊಳಗೆ ಬೆಳಕು. ಫೋನ್ ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಅಷ್ಟಕ್ಕೇ ಸುಮ್ಮನಿರಬೇಕಿತ್ತು. ನಾನು ಬೈಬಲ್ ತೆಗೆದೆ. ಸಂತ ಪೌಲರು ಎಫೆಸದವರಿಗೆ ಬರೆದ ಪತ್ರ, ಆರನೇ ಅಧ್ಯಾಯ. ಮಕ್ಕಳು ಹೆತ್ತವರ ಮಾತು ಕೇಳಬೇಕು ಅನ್ನುವ ಮೊದಲನೇ ವಾಕ್ಯವನ್ನು ಗಟ್ಟಿಯಾಗಿ ಓದಿದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ಗೆದ್ದೆ ಅಂದುಕೊಂಡು ನಾನೂ ಮಲಗಿದೆ.

ಬೆಳಿಗ್ಗೆ ಚರ್ಚಿನ ಪೂಜೆಯಲ್ಲಿ ಬೈಬಲಿನ ಎರಡನೇ ವಾಚನ ನನ್ನದಿತ್ತು. ರೋಮನರಿಗೆ ಬರೆದ ಪತ್ರ. ಪೌಲರ ವಾಕ್ಯಗಳು ಗೊತ್ತಲ್ಲ, ಮಧ್ಯೆ ಉಸಿರು ಬಿಡಲೂ ಜಾಗ ಇರುವುದಿಲ್ಲ. ಹೇಗೋ ಮುಗಿಸಿ ಬಂದು ಕುಳಿತೆ. ಆಮೇಲೆ ಶುಭಸಂದೇಶ: ಮತ್ತಾಯನ ನಾಲ್ಕನೇ ಅಧ್ಯಾಯ, ಮರಳುಗಾಡಿನಲ್ಲಿ ಯೇಸುವನ್ನು ಸೈತಾನ ಪರೀಕ್ಷೆ ಮಾಡುವ ಕಥೆ.

ಚಿಕ್ಕವನಿದ್ದಾಗ ಈ ಕಥೆ ಸಪ್ಪೆ ಅನಿಸುತ್ತಿತ್ತು. ದೇವರಿಗೂ ಸೈತಾನನಿಗೂ ಯುದ್ಧ ಅಂದರೆ ಬೈಬಲಿನ ಕೊನೆಯ ಪುಸ್ತಕ, ಪ್ರಕಟನೆ ಗ್ರಂಥದ ಹನ್ನೆರಡನೇ ಅಧ್ಯಾಯದ ಹಾಗಿರಬೇಕು. ಏಳು ತಲೆಯ ಘಟಸರ್ಪ, ಅದರ ಎದುರು ದೇವದೂತ ಮಿಕಾಯೇಲನ ಸೈನ್ಯ. ಇಲ್ಲಿ ಅಂಥದ್ದೇನೂ ಇಲ್ಲ. ನಲವತ್ತು ದಿನ ಹಸಿದ ಒಬ್ಬ ಮನುಷ್ಯ, ಅವನ ಜೊತೆ ಬಲು ನಯವಾಗಿ ಮಾತಾಡುವ ಇನ್ನೊಬ್ಬ. ಇನ್ನೊಂದು ಶುಭಸಂದೇಶ ಬರೆದ ಮಾರ್ಕನಂತೂ ಎರಡೇ ವಾಕ್ಯದಲ್ಲಿ ಇದನ್ನು ಮುಗಿಸಿಬಿಡುತ್ತಾನೆ. ಕಾಡುಮೃಗಗಳಿದ್ದವು ಅನ್ನುತ್ತಾನೆ, ಏನು ಮಾತಾಯಿತು ಅಂತ ಹೇಳುವುದಿಲ್ಲ.

ಇವತ್ತು ಕಿವಿಗೆ ಬಿದ್ದದ್ದು ಮಧ್ಯದ ಪರೀಕ್ಷೆ. ಕಲ್ಲನ್ನು ರೊಟ್ಟಿ ಮಾಡು ಅಂದಾಗ ಯೇಸು ಧರ್ಮಶಾಸ್ತ್ರದ ಮಾತು ಎತ್ತಿದರು. ಸೈತಾನ ಕಲಿತುಬಿಟ್ಟ. ಎರಡನೇ ಸಲ ಜೆರುಸಲೇಮಿನ ದೇವಾಲಯದ ತುದಿಗೆ ಕರೆದುಕೊಂಡು ಹೋಗಿ, ಕೆಳಕ್ಕೆ ಧುಮುಕು ಅಂದು, ಅದಕ್ಕೆ ತಾನೂ ಧರ್ಮಗ್ರಂಥದಿಂದಲೇ ಒಂದು ಮಾತು ತೆಗೆಯುತ್ತಾನೆ. ದೇವರು ತನ್ನ ದೂತರಿಗೆ ಅಪ್ಪಣೆ ಕೊಡುವನು, ನಿನ್ನ ಕಾಲು ಕಲ್ಲಿಗೆ ತಗಲದ ಹಾಗೆ ಅವರು ಎತ್ತಿಕೊಳ್ಳುವರು. 91ನೇ ಕೀರ್ತನೆ ಅದು.

ನಮ್ಮ ಅಮ್ಮನ ಕೀರ್ತನೆ. ರಾತ್ರಿ ದೀಪ ಆರಿಸುವ ಮುಂಚೆ ಪೂರ್ತಿ ಬಾಯಿಪಾಠ ಹೇಳುತ್ತಿದ್ದರು. ಅವರ ಧ್ವನಿಯಲ್ಲಿ ಕೇಳಿದ್ದಕ್ಕೋ ಏನೋ, ನಡುವೆ ಏನೋ ತಪ್ಪಿಹೋಗಿದೆ ಅನಿಸಿತು. ಮನೆಗೆ ಬಂದು ಎರಡೂ ಪುಟಕ್ಕೆ ಬೆರಳಿಟ್ಟುಕೊಂಡು ಹೋಲಿಸಿದೆ. ಕೀರ್ತನೆಯಲ್ಲಿ 'ನಿನ್ನ ಎಲ್ಲ ದಾರಿಗಳಲ್ಲಿ ನಿನ್ನನ್ನು ಕಾಯಲು' ಅಂತ ಇದೆ. ಸೈತಾನನ ಬಾಯಲ್ಲಿ ಅದಿಲ್ಲ. ದಾರಿಯಲ್ಲಿ ನಡೆಯುವವನನ್ನು ಕಾಯುವುದು ಬೇರೆ, ಬೇಕೆಂದೇ ಮೇಲಿಂದ ಹಾರುವವನನ್ನು ಹಿಡಿಯುವುದು ಬೇರೆ, ಅಲ್ವಾ? ಮತ್ತಾಯ ಸುಮ್ನೆ ಚುಟುಕು ಮಾಡಲು ಬಿಟ್ಟಿರಲೂಬಹುದು. ಇದೇ ಕಥೆ ಹೇಳುವ ಲೂಕನ ಶುಭಸಂದೇಶದಲ್ಲಿ 'ಕಾಯಲು' ಉಳಿದಿದೆ, 'ದಾರಿಗಳು' ಮಾತ್ರ ಮಾಯ. ಆದರೆ ಇಬ್ಬರಲ್ಲೂ ಸೈತಾನ ನಿಲ್ಲಿಸುವುದು ಒಂದೇ ಕಡೆ, ಕೀರ್ತನೆಯ ಹನ್ನೆರಡನೇ ವಾಕ್ಯಕ್ಕೆ. ಹದಿಮೂರನೆಯದು ಏನು ಗೊತ್ತಾ? ಸಿಂಹವನ್ನೂ ನಾಗರಹಾವನ್ನೂ ತುಳಿಯುವೆ, ಸರ್ಪವನ್ನು ಮೆಟ್ಟುವೆ! ಸರ್ಪ ಅಂದರೆ ಸೈತಾನನೇ ತಾನೆ, ತನ್ನ ತಲೆಯ ಮೇಲೆ ಕಾಲು ಬರುವ ಜಾಗಕ್ಕೆ ಸರಿಯಾಗಿ ಬಾಯಿ ಮುಚ್ಚಿದ್ದಾನೆ. ಒಬ್ಬನೇ ಕೂತು ನಕ್ಕೆ. ಬೆಳಗಿನ ಜಾವ ಗದ್ದೆಗೆ ಹೋಗುವಾಗ ಅಮ್ಮ ಹೇಳಿಕೊಳ್ಳುತ್ತಿದ್ದದ್ದು ಅದೇ ಸಾಲು.

ಮಧ್ಯಾಹ್ನ ಊಟಕ್ಕೆ ಬಂದರೆ ಮೇಜಿನ ಮೇಲೆ ಮನೆಯ ದೊಡ್ಡ ಬೈಬಲ್ ತೆರೆದಿತ್ತು. ಪುಟ ಮಗುಚದಿರಲಿ ಅಂತ ಮೇಲೆ ಉಪ್ಪಿನ ಡಬ್ಬಿ. ಎಫೆಸ, ಆರು. ನಾಲ್ಕನೇ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಗೆರೆ. ತಂದೆಗಳೇ, ನಿಮ್ಮ ಮಕ್ಕಳಿಗೆ ಸಿಟ್ಟು ಬರಿಸಬೇಡಿ.

"ನಿನ್ನೆ ಒಂದಕ್ಕೇ ನಿಲ್ಲಿಸಿದ್ದೆ ಅಲ್ವಾಪ್ಪಾ," ಅಂದಳು, ತಟ್ಟೆಯಿಂದ ತಲೆ ಎತ್ತದೆ. ಅವಳಮ್ಮ ಸಾರು ಬಡಿಸುವ ನೆಪದಲ್ಲಿ ಆ ಕಡೆ ತಿರುಗಿ ನಕ್ಕಳು.

ಉತ್ತರ ಇರಲಿಲ್ಲ. ಬೆಳಗ್ಗಿನಿಂದ ಸೈತಾನನ ಕಳ್ಳತನ ಹಿಡಿದೆ ಅಂತ ಬೀಗುತ್ತಿದ್ದೆ. ಅದೇ ಕತ್ತರಿ ನನ್ನ ಕೈಯಲ್ಲೂ ಇತ್ತು.

ಎಲ್ಲರೂ ಮಲಗಿದ ಮೇಲೆ ಆ ಅಧ್ಯಾಯವನ್ನು ಕೊನೆವರೆಗೂ ಓದಿದೆ. ಪೌಲರು ಸಂಕೋಲೆಯಲ್ಲಿದ್ದುಕೊಂಡು ಬರೆದ ಪತ್ರ ಅದು. ನಡುಪಟ್ಟಿ, ಎದೆಕವಚ, ಗುರಾಣಿ, ಶಿರಸ್ತ್ರಾಣ, ಎಲ್ಲ ಒಂದೊಂದಾಗಿ ಸೈತಾನನ ಎದುರು ನಿಲ್ಲುವವರಿಗೆ ತೊಡಿಸುತ್ತಾರೆ. ಹೊಡೆಯಲು ಇರುವುದು ಕತ್ತಿ ಒಂದೇ, ಅದೂ ದೇವರ ವಾಕ್ಯವೇ. ಅದನ್ನು ನಿನ್ನೆ ಹದಿನೈದು ವರ್ಷದ ಹುಡುಗಿಯ ಮೇಲೆ ಬೀಸಿದ್ದೆ. ನಮ್ಮ ಹೋರಾಟ ರಕ್ತಮಾಂಸದವರ ಜೊತೆ ಅಲ್ಲ ಅಂತ ಅದೇ ಪುಟದಲ್ಲಿ, ಹನ್ನೆರಡನೇ ವಾಕ್ಯದಲ್ಲಿ ಇದೆ.

ಬೀರುವಿನ ಬೀಗದಕೈಯನ್ನು ಅವಳ ಜಾಮಿಟ್ರಿ ಬಾಕ್ಸಿನ ಮೇಲೆ ಇಟ್ಟು ಬಂದಿದ್ದೇನೆ. ಫೋನಿನಲ್ಲಿ ಚಾರ್ಜ್ ಅಂತೂ ಉಳಿದಿರಲಿಕ್ಕಿಲ್ಲ.